ದಿನಕ್ಕೊಂದು ಫೋಟೊ: 46 ದಿನ ತೆಗೆದೆ, ಎರಡು ದಿನ ತಪ್ಪಿತು. ಮುಂದುವರಿಸೋದು ಹೇಗೆ?

ಕಿಟಕಿಪಕ್ಕ (ಮೈಸೂರು)

ಎಲ್ಲರಿಗೂ ನಮಸ್ಕಾರ. ಈ ಸಲ ಯುಗಾದಿ ದಿನ ಶುರು ಮಾಡಿದೆ, ದಿನಕ್ಕೆ ಒಂದೇ ಫೋಟೊ. ಊರು ಸುತ್ತಿ ತೆಗೆಯೋದಲ್ಲ. ಮನೆ ಒಳಗಿನದು, ಬಾಗಿಲಲ್ಲಿ ಸಿಗೋದು, ತರಕಾರಿಗೆ ಹೋಗುವಾಗ ಕಣ್ಣಿಗೆ ಬೀಳೋದು ಅಷ್ಟೆ. ಮೊದಲನೇದು ಬೇವು ಬೆಲ್ಲದ ಬಟ್ಟಲು. ಆಮೇಲೆ ಕಾಫಿ ಫಿಲ್ಟರ್, ಅಮ್ಮನ ಕನ್ನಡಕ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಗೇಟಿನ ಹತ್ತಿರ ಬಿಟ್ಟ ಚಪ್ಪಲಿಗಳು, ದೇವರ ಮನೆಯಲ್ಲಿ ದೀಪದ ಮಸಿ ಹತ್ತಿದ ಗೋಡೆ.

47ನೇ ದಿನ ಜ್ವರ ಬಂತು. ಎರಡು ದಿನ ಫೋನ್ ಕೈಗೇ ತಗೊಳ್ಳಲಿಲ್ಲ. ಎದ್ದಮೇಲೆ ಹಳೇದನ್ನೆಲ್ಲ ಒಂದು ಸಲ ನೋಡಿದೆ. ಕಾಫಿ ಲೋಟವೇ ಮೂರು ಸಲ ಬಂದಿದೆ! ಇನ್ನು ತೆಗೆಯೋಕೆ ಮನೆಯಲ್ಲಿ ಏನೂ ಉಳಿದಿಲ್ಲ ಅನ್ನಿಸ್ತು. ಸಂಬಂಧಿಕರ ಹುಡುಗಿ ಒಬ್ಬಳು ನೋಡಿ "ಇದರಲ್ಲಿ ಏನಿದೆ ಅತ್ತೆ?" ಅಂದಳು. ಉತ್ತರ ಹೇಳೋಕೆ ಆಗಲಿಲ್ಲ, ಅದು ಮನಸ್ಸಿಗೆ ನಾಟಿದೆ.

ಕೇಳಬೇಕಾಗಿರೋದು ಇಷ್ಟು. ತಪ್ಪಿದ ಮೇಲೆ ಮತ್ತೆ 1ರಿಂದ ಶುರು ಮಾಡಬೇಕಾ? ದಿನಾ ಬೇರೆ ಬೇರೆ ವಸ್ತುವೇ ಆಗಬೇಕಾ? ನನ್ನ ಹತ್ತಿರ ಕ್ಯಾಮೆರಾ ಇಲ್ಲ, ನಾಲ್ಕು ವರ್ಷದ ಹಳೇ ಫೋನು. ಅದು ಸಾಕಾ?

46ನೇ ದಿನದ್ದು ಕೆಳಗೆ ಹಾಕಿದೀನಿ. ನಮ್ಮನೆ ಈಳಿಗೆಮಣೆ.

ತುಂಗಾತೀರ

1ರಿಂದ ಯಾಕೆ? ನಾಳೆ 49 ಅಂತ ಬರೆದು ತೆಗೀರಿ. 47, 48 ಖಾಲಿ ಇರಲಿ.

ಕ್ಯಾಮೆರಾಚೀಲ

ನಾನು ಒಪ್ಪಲ್ಲ. ದಿನಕ್ಕೊಂದು ಅಂದಮೇಲೆ ದಿನಕ್ಕೊಂದೇ. ನ್ಯೂಯಾರ್ಕಿನಲ್ಲಿ ಜೇಮಿ ಲಿವಿಂಗ್‌ಸ್ಟನ್ ಅಂತ ಒಬ್ಬರಿದ್ದರು. 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ (ಒತ್ತಿದ ಕೂಡಲೇ ಕಾರ್ಡಿನ ಮೇಲೆ ಚಿತ್ರ ಬರೋ ಫೋಟೊ) ತೆಗೆಯೋಕೆ ಶುರು ಮಾಡಿದರು. ಆಗ ಅವರು ಕಾಲೇಜು ಹುಡುಗ. ದೊಡ್ಡ ಸಂಕಲ್ಪವೇನೂ ಮಾಡಿರಲಿಲ್ಲ. ದಿನಕ್ಕೆ ಸುಮಾರು ಒಂದು ಫೋಟೊ ತೆಗೀತಿದೀನಲ್ಲ ಅಂತ ಗೊತ್ತಾಯಿತು, ಹಾಗೇ ಇಟ್ಟುಕೊಂಡರು. ಊಟದ ತಟ್ಟೆ, ಸ್ನೇಹಿತರು, ಬೀದಿ, ಆಟದ ಮೈದಾನ, ಟಿವಿ ಪರದೆ. 1997ರ ಅಕ್ಟೋಬರ್ 25ರವರೆಗೆ, ಅಂದರೆ ಹದಿನೆಂಟೂವರೆ ವರ್ಷ. ಆವತ್ತು ಅವರ 41ನೇ ಹುಟ್ಟುಹಬ್ಬ, ಆವತ್ತೇ ತೀರಿಕೊಂಡರು, ಕ್ಯಾನ್ಸರ್. ಕಡೇ ದಿನಗಳ ಫೋಟೊಗಳಲ್ಲಿ ಆಸ್ಪತ್ರೆ ಇದೆ, ಹಾಸಿಗೆ ಇದೆ. ಒಟ್ಟು ಆರು ಸಾವಿರದ ಮೇಲೆ. 2007ರಲ್ಲಿ ಸ್ನೇಹಿತರು ಅವರು ಓದಿದ ಬಾರ್ಡ್ ಕಾಲೇಜಿನಲ್ಲೇ ಪ್ರದರ್ಶನ ಇಟ್ಟರು.

ಕಾಯಿಲೆ ಅಂತ ಅವರು ಬಿಡಲಿಲ್ಲ. ಆವತ್ತಿನ ಕಾಯಿಲೆಯನ್ನೇ ತೆಗೆದರು. ನಿಮಗೆ ಜ್ವರ ಇದ್ದಾಗ ಪಕ್ಕದಲ್ಲಿದ್ದ ಮಾತ್ರೆ ಪಟ್ಟಿ ತೆಗೆಯಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ.

ಸಂಪಿಗೆ

ಜ್ವರದಲ್ಲಿ ಮಲಗಿದವರಿಗೆ ಹಾಗೆ ಹೇಳಬೇಡಿ ಸರ್. ಅವರು ಪರೀಕ್ಷೆ ಬರೀತಿಲ್ಲ.

ಕ್ಯಾಮೆರಾಚೀಲ

ಕಟುವಾಗಿ ಕಂಡಿದ್ದರೆ ಕ್ಷಮಿಸಿ. ಕಾಯಿಲೆಯ ದಿನವೂ ದಿನವೇ, ಅದಕ್ಕೂ ಒಂದು ಚಿತ್ರ ಇರುತ್ತೆ, ಅಷ್ಟೇ ಹೇಳಬೇಕಿತ್ತು. ಇನ್ನೊಂದು. ಲಿವಿಂಗ್‌ಸ್ಟನ್ ದಿನಕ್ಕೆ ಒಂದೇ ಸಲ ಒತ್ತಿದ್ದು. ನಾವು ಫೋನಿನಲ್ಲಿ ಇಪ್ಪತ್ತು ತೆಗೆದು ಒಂದನ್ನು ಆರಿಸ್ತೀವಿ, ಅದು ಬೇರೆಯೇ ಆಟ.

ಬೆಂಗ್ಳೂರ್_ಬಾಲ್ಕನಿ

ಫಿಲ್ಮಿಗೆ ದುಡ್ಡು ಆಗ್ತಿತ್ತು ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಪೋಲರಾಯ್ಡ್‌ನಲ್ಲಿ ನೆಗೆಟಿವ್ ಇರಲ್ಲ, ಒಂದು ಒತ್ತಿದರೆ ಒಂದು ಕಾರ್ಡು ಹೊರಗೆ. ಫೋನಿಗೆ ಆ ಕಟ್ಟು ಇಲ್ಲ. ಹತ್ತು ತೆಗೀಲಿ, ಆದರೆ ಆರಿಸೋದು ಆವತ್ತು ರಾತ್ರಿಯೇ ಆಗಬೇಕು. ಭಾನುವಾರ ಕೂತು ಏಳು ದಿನದ್ದು ಆರಿಸಿದ್ರೆ ಚೆಂದ ಕಾಣೋದು ಮಾತ್ರ ಉಳಿಯುತ್ತೆ, ಆ ದಿನ ಉಳಿಯಲ್ಲ.

ತುಂಗಾತೀರ

ಸಣ್ಣ ತಿದ್ದುಪಡಿ. ಪೋಲರಾಯ್ಡ್‌ನಲ್ಲಿ ನೆಗೆಟಿವ್ ಸಿಗೋ ಫಿಲ್ಮೂ ಇತ್ತು, ಸಿಪ್ಪೆ ಹಾಗೆ ಬಿಡಿಸೋ ಜಾತಿ. ಲಿವಿಂಗ್‌ಸ್ಟನ್ ಬಳಸಿದ್ದು ಎಸ್‌ಎಕ್ಸ್-70 ಅನ್ನೋ ಪೋಲರಾಯ್ಡ್ ಕ್ಯಾಮೆರಾ, ಅದರಲ್ಲಿ ಮಾತ್ರ ಎಲ್ಲ ಒಂದೇ ಕಾರ್ಡಿನೊಳಗೆ. ಆಗ ಒಂದು ಪ್ಯಾಕಿಗೆ ಹತ್ತು, ಬ್ಯಾಟರಿಯೂ ಆ ಪ್ಯಾಕಿನೊಳಗೇ ಇರ್ತಿತ್ತು. ಅಂದರೆ ಹತ್ತು ದಿನಕ್ಕೊಂದು ಪ್ಯಾಕು. ಹದಿನೆಂಟು ವರ್ಷ ಅಂದರೆ ಎಷ್ಟು ಪ್ಯಾಕು ಲೆಕ್ಕ ಹಾಕಿ.

ಗಿರ್ಮಿಟ್ (ಧಾರವಾಡ)

ನಂದೊಂದು ಹೇಳ್ತೇನ್ರಿ. ನಮ್ಮ ಅಪ್ಪಾರದು ಕಿರಾಣಿ ಅಂಗಡಿ ಇತ್ತು. ನಾ ಡಿಗ್ರಿ ಮುಗಿಸಿ ಮನ್ಯಾಗ ಕುಂತಿದ್ದೆ, ಹೊಸಾ ಫೋನ್ ಬಂದಿತ್ತು. ಹೊತ್ತು ಹೋಗಂಗಿಲ್ಲ ಅಂತ ದಿನಾ ಅಂಗಡ್ಯಾಗಿಂದು ಒಂದೊಂದು ಫೋಟೋ ತಗದೆ. ಗಲ್ಲಾ ಪೆಟಗಿ. ಸಕ್ಕರಿ ಕಟ್ಟೋ ಪೇಪರ್. ಉದ್ರಿ ಬರಿಯೋ ಪುಸ್ತಕ, ಅದಕ್ಕ ದಾರದಾಗ ಕಟ್ಟಿದ ಪೆನ್ನು. ಚಾಪುಡಿ ಡಬ್ಬಿ. ಹಂಗ ಒಂದು ನಾಕ್ ತಿಂಗಳಾತು.

ಅದರಾಗ ತಕ್ಕಡಿದೊಂದು ಫೋಟೋ ಐತಿ. ದೊಡ್ಡದು ಮಾಡಿ ನೋಡಿದ್ರ ಒಂದು ತಟ್ಟಿ ಬುಡಕ್ಕ ಹುಣಸಿಹಣ್ಣು ಅಂಟಿಸ್ಯಾರ, ಹೆಬ್ಬೆರಳು ಒತ್ತಿದ ಗುರ್ತು ಸೈತ ಕಾಣತದ. ಆ ತಟ್ಟಿ ಹಗುರ ಆಗಿತ್ತಂತ, ಎರಡೂ ಸಮ ಆಗಲಿ ಅಂತ ಅಪ್ಪಾರು ಒತ್ತಿದ್ದು. ಅಂಗಡಿ ಮುಚ್ಚಿ ಆರು ವರ್ಷಾತು, ಆ ತಕ್ಕಡಿ ಯಾರ ಹತ್ರ ಐತೋ ಗೊತ್ತಿಲ್ಲ. ಅಂಗಡಿ ಮುಂದ ನಿಂತು ಹಲ್ಲು ಕಿಸಿದು ತಗಿಸಿಕೊಂಡ ಫೋಟೋ ಬೇಕಾದಷ್ಟದಾವು, ಅವನ್ನ ಯಾರೂ ತಗದ ನೋಡಂಗಿಲ್ಲ. ತಕ್ಕಡಿದು ಮಾತ್ರ ಅಪ್ಪಾರು ತಿಂಗಳಿಗೊಮ್ಮೆ ಕೇಳ್ತಾರ.

ನಿಮ್ಮ ಹುಡಿಗಿ ಕೇಳಿದ್ದಕ್ಕ ಉತ್ತರ ಈಗ ಸಿಗಂಗಿಲ್ರಿ ಅಕ್ಕಾರ. ತಗೀರಿ.

ಸಂಪಿಗೆ

ಹೆಬ್ಬೆರಳು ಒತ್ತಿದ ಗುರುತು! ಹಾಕಿ ಅಣ್ಣ ಆ ಫೋಟೊ ಇಲ್ಲಿ.

ಗಿರ್ಮಿಟ್ (ಧಾರವಾಡ)

ಮನಿಗೆ ಹೋಗಿ ಹಾಕ್ತೇನ್ರಿ, ಹಳೇ ಫೋನಿನ್ಯಾಗ ಐತಿ.

ಹಾರ್ಡ್‌ಡಿಸ್ಕ್

ಹಳೇ ಫೋನಿನಲ್ಲಿ ಮಾತ್ರ ಇದೆ ಅಂದ್ರಾ? ಗಿರ್ಮಿಟ್ ಅವರೇ, ಇವತ್ತೇ ಅದನ್ನ ಹೊರಗೆ ತೆಗೀರಿ. ನಾನು ಎರಡು ವರ್ಷದ ಫೋಟೊ ಹೀಗೇ ಕಳಕೊಂಡೆ. ಫೋನು ನೀರಿಗೆ ಬಿತ್ತು, ರಿಪೇರಿ ಅಂಗಡಿಯಲ್ಲಿ ಬೋರ್ಡು ಹೋಗಿದೆ ಅಂದರು, ಮುಗೀತು. ಮಗಳು ಮೊದಲ ಸಲ ಗೋಡೆ ಹಿಡ್ಕೊಂಡು ನಿಂತ ದಿನದ್ದೂ ಅದರಲ್ಲಿತ್ತು.

ಲೆಕ್ಕ ಹಾಕಿ ನೋಡಿ. ಫೋನಿನ ಒಂದು ಫೋಟೊ ಸುಮಾರು 3 ಎಂಬಿ ಅಂದ್ಕೊಳ್ಳಿ. 365 ದಿನಕ್ಕೆ 1 ಜಿಬಿ ಮೇಲೆ ಸ್ವಲ್ಪ, ಅಷ್ಟೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ನಿಲ್ಲಿಸಿತು, ನಿಜ. ಆದರೆ 15 ಜಿಬಿ ಈಗಲೂ ಉಚಿತ. ದಿನಕ್ಕೊಂದು ಅಂತ ಆರಿಸಿದ್ದನ್ನು ಮಾತ್ರ ಒಂದು ಆಲ್ಬಮ್ಮಿಗೆ ಹಾಕ್ತಾ ಬಂದರೆ ಹತ್ತು ವರ್ಷಕ್ಕೂ ಜಾಗ ಇದೆ. ಇನ್ನೊಂದು ಕಾಪಿ ಪೆನ್‌ಡ್ರೈವೋ ಹಾರ್ಡ್‌ಡಿಸ್ಕೋ ಯಾವುದಾದರೂ ಸರಿ, ಬೇರೆ ಮನೆಯಲ್ಲಿ ಇದ್ದರೆ ಇನ್ನೂ ಒಳ್ಳೇದು.

ಮನೆಯವರ ಗ್ರೂಪಿಗೆ ವಾಟ್ಸಾಪ್‌ನಲ್ಲಿ ಕಳಿಸಿದೀನಲ್ಲ, ಅಲ್ಲಿರುತ್ತೆ ಅಂತ ನಂಬಬೇಡಿ. ಅದು ಫೋಟೊವನ್ನ ಕುಗ್ಗಿಸುತ್ತೆ, ಯಾವ ದಿನ ಎಷ್ಟು ಹೊತ್ತಿಗೆ ತೆಗೆದಿದ್ದು ಅನ್ನೋ ಮಾಹಿತಿಯೂ ಕಳಚಿಹೋಗುತ್ತೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಕಡಲ್ತಡಿ (ಉಡುಪಿ)

ಮೇಡಂ, ನಿಮ್ಮ ಫೋಟೊದಲ್ಲಿ ಇರುವುದಕ್ಕೆ ನಮ್ಮಲ್ಲಿ ಮೆಟ್ಟುಕತ್ತಿ ಅಂತ ಹೇಳುವುದು. ಕಾಲಲ್ಲಿ ಮೆಟ್ಟಿ ಹಿಡಿದು ಹೆಚ್ಚುವುದಲ್ವಾ, ಹಾಗೆ. ನಮ್ಮ ಅಜ್ಜಿಯದ್ದು ಇದಕ್ಕಿಂತ ಎರಡು ಪಟ್ಟು ದೊಡ್ಡದು, ಹಲಸಿನಕಾಯಿ ಅದರಲ್ಲೇ ತುಂಡು ಮಾಡುತ್ತಿದ್ದರು.

ಗಿರ್ಮಿಟ್ (ಧಾರವಾಡ)

ನಮ್ಮ ಕಡೆ ಈಳಿಗಿ ಅಂತೇವ್ರಿ.

ತುಂಗಾತೀರ

ತೀರ್ಥಹಳ್ಳಿ ಕಡೆ ನಮ್ಮನೆಯಲ್ಲೂ ಮೆಟ್ಟುಗತ್ತಿ ಅಂತಲೇ. ತುದಿಯಲ್ಲಿ ಕಾಯಿ ತುರಿಯೋ ಹಲ್ಲು ಇದೆಯಾ? ಫೋಟೊದಲ್ಲಿ ಕತ್ತರಿಸಿಹೋಗಿದೆ.

ಕಿಟಕಿಪಕ್ಕ (ಮೈಸೂರು)

ಇದೆ, ಎರಡು ಹಲ್ಲು ಮುರಿದಿದೆ. ಫೋಟೊ ತೆಗೆಯುವಾಗ ಅಲಗು ಚೆನ್ನಾಗಿ ಹೊಳೀತಿತ್ತು ಅಂತ ಅಷ್ಟನ್ನೇ ಹತ್ತಿರದಿಂದ ತೆಗೆದೆ.

ನೆಲದಮಾತು

ಎಲ್ಲರೂ ಹುರಿದುಂಬಿಸ್ತಿದೀರಿ, ನಾನು ಬೇರೆ ಮಾತು ಹೇಳ್ತೀನಿ. ಈಗಲೇ ಎಲ್ಲರ ಕೈಯಲ್ಲೂ ಬೆಳಗಿಂದ ರಾತ್ರಿವರೆಗೆ ಫೋನು. ಕಾಫಿ ಬಂದರೆ ಕುಡಿಯೋಕೆ ಮುಂಚೆ ಫೋಟೊ, ಮಗು ನಕ್ಕರೆ ನಾವು ನಗೋಕೆ ಮುಂಚೆ ಫೋಟೊ. ನಮ್ಮ ತಾತ ಒಂದು ಫೋಟೊನೂ ತೆಗೆಯದೆ ಮನೆಯ ಒಂದೊಂದು ಕಂಬದ ಕಥೆ ಹೇಳ್ತಿದ್ದರು. ಕಣ್ಣಲ್ಲಿ ನೋಡಿ ಮನಸ್ಸಲ್ಲಿ ಇಟ್ಕೊಳ್ಳೋದು ಬಿಟ್ಟು ಮೆಮೊರಿ ಕಾರ್ಡಿಗೆ ವಹಿಸಿಬಿಟ್ಟರೆ ನೆನಪು ಅನ್ನೋದು ಸೊರಗುತ್ತೆ. ಮೇಡಂಗೆ ಬೇಜಾರಾಗಿದೆ ಅಂದರೆ ಮನಸ್ಸು ಸಾಕು ಅಂತಿದೆ. ನಿಲ್ಲಿಸಿಬಿಡಿ, ಏನೂ ನಷ್ಟ ಇಲ್ಲ.

ಬೆಂಗ್ಳೂರ್_ಬಾಲ್ಕನಿ

ದಿನಕ್ಕೆ ನೂರು ತೆಗೆಯೋರಿಗೆ ಈ ಮಾತು ಸರಿ. ಒಂದೇ ತೆಗೆಯೋರು ಉಳಿದ ಹೊತ್ತೆಲ್ಲ ನೋಡ್ತಾನೇ ಇರ್ತಾರೆ. ಯಾವುದು ಇವತ್ತಿನದು ಅಂತ ಹುಡುಕೋ ಕೆಲಸ ಕಣ್ಣಿನದು.

ಸಂಪಿಗೆ

ನೆಲದಮಾತು ಅವರೇ, ನಿಮ್ಮ ತಾತನಂಥ ನೆನಪು ನನಗಿಲ್ಲ. ನನ್ನ ವಿಷಯ ಹೇಳ್ತೀನಿ, ಆಮೇಲೆ ನೀವೇ ಹೇಳಿ.

ಅಮ್ಮ ಹೋಗಿ ಮೂರು ವರ್ಷ. ಅಮ್ಮನ ಫೋಟೊಗಳಿಗೆ ಕೊರತೆ ಇಲ್ಲ, ಎಲ್ಲವೂ ಮದುವೆ, ಗೃಹಪ್ರವೇಶದವು. ರೇಷ್ಮೆ ಸೀರೆ, ಮಲ್ಲಿಗೆ, ನಿಂತ ಭಂಗಿ. ದಿನಾ ನಾನು ನೋಡ್ತಿದ್ದ ಅಮ್ಮ ಅವಳಲ್ಲ. ಆ ಅಮ್ಮ ಸಿಕ್ಕಿದ್ದು ಒಂದೇ ಫೋಟೊದಲ್ಲಿ. ಕುಕ್ಕರಿನ ಗ್ಯಾಸ್ಕೆಟ್ ಸವೆದಿತ್ತು, ಯಾವ ಸೈಜು ಅಂತ ಅಂಗಡಿಯವರಿಗೆ ತೋರಿಸೋಕೆ "ಮುಚ್ಚಳ ಹಿಡ್ಕೊಮ್ಮಾ" ಅಂದು ನಾನು ತೆಗೆದದ್ದು. ಮುಚ್ಚಳ ಹಿಡಿದ ಕೈ ಮಾತ್ರ ಇದೆ, ಮುಖ ಇಲ್ಲ. ಉಗುರಿನ ಅಂಚಲ್ಲಿ ಅರಿಶಿನ. ಎರಡು ಹಸಿರು ಬಳೆ, ಒಂದು ಬಳೆಗೆ ಸಿಕ್ಕಿಸಿದ ಎರಡು ಸೇಫ್ಟಿ ಪಿನ್ನು. ಯಾರ ಸೀರೆ ಸೆರಗು ಜಾರಿದರೂ ಆ ಪಿನ್ನು ಬಿಚ್ಚಿ ಕೊಡೋಳು ಅವಳು. ಆ ಪಿನ್ನುಗಳ ವಿಷಯ ನನಗೆ ಪೂರ್ತಿ ಮರೆತುಹೋಗಿತ್ತು, ಫೋಟೊ ನೋಡೋವರೆಗೂ. ಮನಸ್ಸು ಇಟ್ಕೊಳ್ಳಲಿಲ್ಲ.

ಅದನ್ನೇ ದೊಡ್ಡದು ಮಾಡಿಸಿ ಅಡುಗೆಮನೆಯಲ್ಲಿ ಹಾಕಿದೀನಿ.

ನೆಲದಮಾತು

ಇದನ್ನ ಓದಿ ಸುಮ್ಮನೆ ಕೂತಿದ್ದೆ. ನಿಲ್ಲಿಸಿಬಿಡಿ ಅಂದ ಮಾತನ್ನ ವಾಪಸ್ ತಗೋತೀನಿ. ಫೋನಿನ ಬಗ್ಗೆ ಹೇಳಿದ್ದು ಮಾತ್ರ ಹಾಗೇ ಇರಲಿ, ಅದರಲ್ಲಿ ನನಗೆ ನಂಬಿಕೆ ಇದೆ.

ಬೆಂಗ್ಳೂರ್_ಬಾಲ್ಕನಿ

ಮೇಡಂ, ನಿಮ್ಮ ಎರಡನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ. ದಿನಾ ಬೇರೆ ವಸ್ತು ಬೇಕಾಗಿಲ್ಲ. ನಾನು ಒಂದು ವರ್ಷ ಒಂದೇ ಹಿತ್ತಾಳೆ ಚೊಂಬು ತೆಗೆದೆ. ಬಾಲ್ಕನಿ ಕಟ್ಟೆ ಮೇಲೆ ಅದೇ ಜಾಗ. ಚಾಕ್‌ಪೀಸಿನಲ್ಲಿ ಸುತ್ತ ಗುಂಡಗೆ ಗುರುತು ಹಾಕಿದ್ದೆ, ಚೊಂಬು ಅತ್ತಿತ್ತ ಆಗದ ಹಾಗೆ. ರಜೆ ದಿನ ಮಧ್ಯಾಹ್ನ, ಕೆಲಸದ ದಿನ ಬೆಳಿಗ್ಗೆ.

ಚೊಂಬು ಬದಲಾಗಲಿಲ್ಲ, ನೆರಳು ಓಡಾಡ್ತು. ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24-25ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ, ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ಆವತ್ತು ಚೊಂಬಿನ ನೆರಳು ಅದರ ಬುಡದೊಳಗೇ ಅಡಗಿಬಿಡ್ತು. ಈ ಎರಡು ದಿನದ ಮಧ್ಯೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ಉಳಿದ ಎಂಟು ತಿಂಗಳು ತಿರುಗುಮುರುಗು. ಒಂದಡಿ ಕೋಲು ನಿಲ್ಲಿಸಿದರೆ ಡಿಸೆಂಬರ್ ಕೊನೆಯ ಮಧ್ಯಾಹ್ನ ಹತ್ತಿರ ಹತ್ತಿರ ಒಂಬತ್ತು ಇಂಚು ನೆರಳು ಉತ್ತರಕ್ಕೆ. ಜೂನ್ ಕೊನೆಗೆ ಎರಡೇ ಇಂಚು, ಅದೂ ದಕ್ಷಿಣಕ್ಕೆ. ನಲವತ್ತು ವರ್ಷ ಇದೇ ಊರಲ್ಲಿ ಇದ್ದೂ ನನಗೆ ಇದು ತಿಳಿದಿರಲಿಲ್ಲ, ಚೊಂಬು ತಿಳಿಸ್ತು.

ನಿಮ್ಮ ಮನೆಯಲ್ಲಿ ಉತ್ತರಕ್ಕೆ ಕಿಟಕಿ ಇದ್ದರೆ ಈಗ ನೋಡಿ. ವರ್ಷದ ಇನ್ನೊಂದು ಅರ್ಧ ಬಾರದ ಬಿಸಿಲು ಈಗ ಬೆಳಿಗ್ಗೆ ಸಂಜೆ ಓರೆಯಾಗಿ ಒಳಗೆ ಬರ್ತಿರುತ್ತೆ.

ಕಡಲ್ತಡಿ (ಉಡುಪಿ)

ಮಧ್ಯಾಹ್ನ ಅಂದರೆ ಸರಿಯಾಗಿ ಹನ್ನೆರಡಕ್ಕಾ?

ಬೆಂಗ್ಳೂರ್_ಬಾಲ್ಕನಿ

ಅಲ್ಲ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅದು ಹೋಗೋದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕೆ ಸುಮಾರು 5 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ಇಲ್ಲಿ ಏಪ್ರಿಲ್ ಕೊನೆಗೆ ಹನ್ನೆರಡು ಗಂಟೆ ಹದಿನೇಳು ಹದಿನೆಂಟು ನಿಮಿಷಕ್ಕೆ. ನಿಮ್ಮ ಉಡುಪಿ ಇನ್ನೂ ಪಶ್ಚಿಮ, ಹನ್ನೆರಡೂವರೆ ಹತ್ತಿರ. ಮೈಸೂರು ಸ್ವಲ್ಪ ದಕ್ಷಿಣಕ್ಕಿರೋದರಿಂದ ಏಪ್ರಿಲ್‌ನಲ್ಲಿ ನಮಗಿಂತ ಎರಡು ದಿನ ಮೊದಲು, ಆಗಸ್ಟ್‌ನಲ್ಲಿ ಎರಡು ದಿನ ಆಮೇಲೆ.

ಕಡಲ್ತಡಿ (ಉಡುಪಿ)

ಆಗಸ್ಟಿನಲ್ಲಿ ನಮಗೆ ಸೂರ್ಯ ಕಂಡರೆ ದೊಡ್ಡ ಸಂಗತಿ ಮಾರಾಯ್ರೆ. ಇನ್ನು ಹದಿನೈದಿಪ್ಪತ್ತು ದಿನಕ್ಕೆ ಮಳೆ ಹಿಡಿಯುತ್ತದೆ. ಕ್ಯಾಮೆರಾ ಇರುವವರಿಗೆ ಒಂದು ಮಾತು: ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಕಪಾಟಿನೊಳಗೆ ಮುಚ್ಚಿ ಇಡಬೇಡಿ. ನನ್ನ ಒಂದು ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಸ್ಟು ಬಂತು, ತೊಳೆಸಿದರೂ ಗಾಜಿನ ಮೇಲೆ ಕಲೆ ಉಳಿಯಿತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಪುನಃ ಹಾಕಬಹುದು. ಅಕ್ಕಿ ಡಬ್ಬಿಯಲ್ಲಿ ಇಡಿ ಅಂತ ಕೆಲವರು ಹೇಳುತ್ತಾರೆ, ಬೇಡ. ಅಕ್ಕಿಯ ಧೂಳು ಒಳಗೆ ಹೋಗುತ್ತದೆ.

ಮತ್ತೆ ಹೆಚ್ಚು ಬಳಸುವುದೇ ಒಳ್ಳೆಯ ಔಷಧ. ದಿನಾ ಹೊರಗೆ ತೆಗೆದ ಲೆನ್ಸಿಗೆ ಬೂಸ್ಟು ಬೇಗ ಬರುವುದಿಲ್ಲ.

ಕ್ಯಾಮೆರಾಚೀಲ

ಒಂದೇ ಜಾಗದ ಮಾತು ಬಂತಲ್ಲ, ಯೋಸೆಫ್ ಸುದೆಕ್ ನೆನಪಾದರು. ಪ್ರಾಗ್ ನಗರದ ಫೋಟೊಗ್ರಾಫರ್. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳಕೊಂಡರು, ಒಂದೇ ಕೈಯಲ್ಲಿ ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತರು. 1940ರಿಂದ 1954ರವರೆಗೆ ತಮ್ಮ ಸ್ಟುಡಿಯೋ ಕಿಟಕಿಯನ್ನೇ ತೆಗೀತಿದ್ದರು. ಕಿಟಕಿ ಕಟ್ಟೆ ಮೇಲೆ ಒಂದು ಗಾಜಿನ ಲೋಟ ನೀರು, ಗಾಜಿಗೆ ಕಟ್ಟಿದ ಹಬೆ, ಆಚೆ ಒಂದು ಡೊಂಕು ಮರ. ಯುದ್ಧ ನಡೀತಿತ್ತು, ಜರ್ಮನರು ಊರನ್ನ ಹಿಡಿದಿದ್ದರು, ಹೊರಗೆ ಕ್ಯಾಮೆರಾ ಹಿಡಿದು ತಿರುಗೋದು ಕಷ್ಟ ಇತ್ತು. ನಿಮ್ಮ ಹೆಸರೇ ಕಿಟಕಿಪಕ್ಕ. ಕಾಫಿ ಲೋಟ ಮೂರು ಸಲ ಬಂತು ಅಂತ ಕೊರಗಬೇಡಿ. ಮೂವತ್ತು ಸಲ ತೆಗೀರಿ.

ತುಂಗಾತೀರ

ನೋಡಿ, ಮೇಲೆ ಅಷ್ಟು ಕಟ್ಟುನಿಟ್ಟಾಗಿದ್ದವರು ಈಗ ಮೂವತ್ತು ಸಲ ಅಂತಿದಾರೆ. ಒಳ್ಳೇದಾಯ್ತು.

ಕ್ಯಾಮೆರಾಚೀಲ

ವಸ್ತುವಿನಲ್ಲಿ ಕಟ್ಟು ಬೇಡ, ದಿನದಲ್ಲಿ ಬೇಕು. ಎರಡೂ ಬೇರೆ.

ಹಾಸನದ_ಹೈದ (ಸ್ಟುಟ್‌ಗಾರ್ಟ್)

ಜರ್ಮನಿಗೆ ಬಂದ ಮೊದಲ ಚಳಿಗಾಲ ತುಂಬ ಕಷ್ಟ ಆಯ್ತು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ. ಅಪ್ಪನಿಗೆ ಫೋನ್ ಮಾಡಿದ್ರೆ ಇಬ್ಬರಿಗೂ ಮಾತು ಸಿಗ್ತಿರಲಿಲ್ಲ. "ಊಟ ಆಯ್ತಾ?" "ಆಯ್ತು." "ಚಳಿನಾ?" "ಹೂಂ." ಮುಗೀತು. ಒಂದು ದಿನ ರೂಮಿನ ಹೀಟರ್ ಮೇಲೆ ಒಣಗಾಕಿದ್ದ ಸಾಕ್ಸ್ ಫೋಟೊ ಕಳಿಸಿದೆ. ಅಪ್ಪ ಅದನ್ನ ನೋಡಿ ಹತ್ತು ಪ್ರಶ್ನೆ ಕೇಳಿದರು. ಅದು ನೀರಿಂದ ಕಾಯೋದಾ, ಕರೆಂಟಾ, ಕೊಳವೆ ಎಲ್ಲಿಂದ ಬರುತ್ತೆ, ಬಿಲ್ಲು ಎಷ್ಟು. ಆವತ್ತಿನಿಂದ ದಿನಕ್ಕೊಂದು ನಾನು ಕಳಿಸ್ತೀನಿ, ದಿನಕ್ಕೊಂದು ಅವರು. ಅವರದು ಆಲೂಗಡ್ಡೆ ಮೂಟೆ, ಬೋರ್‌ವೆಲ್ ಸ್ಟಾರ್ಟರು, ಕೊಟ್ಟಿಗೆಯಲ್ಲಿ ಕರು ನೆಕ್ಕಿ ನೆಕ್ಕಿ ನುಣುಪಾದ ಕಂಬ. ಮೊದಲು ಎಲ್ಲದರಲ್ಲೂ ಅವರ ಬೆರಳು ಅಡ್ಡ ಬರ್ತಿತ್ತು. ಈಗ ಬರಲ್ಲ. ಹೋದ ವಾರ ಅವರೇ ಕೇಳಿದರು, "ಬೆಳಕು ಹಿಂದಿದ್ರೆ ಕರ್ರಗೆ ಬರುತ್ತಲ್ಲಪ್ಪ, ಏನ್ಮಾಡ್ಬೇಕು?"

ಒಬ್ಬರೇ ತೆಗೆದರೆ ಬೇಗ ಬೇಜಾರಾಗುತ್ತೆ ಮೇಡಂ. ಯಾರ ಜೊತೆಗಾದರೂ ಕೊಟ್ಟು ತಗೊಳ್ಳಿ.

ಮೇಷ್ಟ್ರು_ಚಿತ್ರದುರ್ಗ

ಹೈದ ಹೇಳಿದ್ದು ನಿಜ. ನಾನು ಹೈಸ್ಕೂಲು ಮೇಷ್ಟ್ರು. ಹೋದ ವರ್ಷ ಒಂಬತ್ತನೇ ಕ್ಲಾಸಿನವರಿಗೆ ನನ್ನ ಫೋನ್ ಕೊಟ್ಟು, ದಿನಕ್ಕೆ ಒಬ್ಬರು ಒಂದು ಫೋಟೊ, ಅದರ ಬಗ್ಗೆ ಮೂರು ಸಾಲು ಬರೀಬೇಕು ಅಂದಿದ್ದೆ. ಶಾಲೆ ಕಾಂಪೌಂಡಿನೊಳಗೆ ಮಾತ್ರ. ಮೊದಲ ವಾರ ಎಲ್ಲರೂ ಧ್ವಜದ ಕಂಬ, ಗುಲಾಬಿ ಹೂ. ಹತ್ತನೇ ದಿನ ಒಬ್ಬ ಹುಡುಗಿ ಬಿಸಿಯೂಟದ ದೊಡ್ಡ ಪಾತ್ರೆ ತಳ ತೆಗೆದಳು, ಕಡೇ ಸೌಟು ಕೆರೆದ ಗೆರೆಗಳು. "ಇವತ್ತು ಎಲ್ಲರಿಗೂ ಎರಡನೇ ಸಲ ಸಿಕ್ಕಿತು" ಅಂತ ಬರೆದಿದ್ದಳು. ಅಲ್ಲಿಂದ ಮುಂದೆ ಕ್ಲಾಸು ಬೇರೆಯೇ ಆಯಿತು. ಫೋಟೊ ಜೊತೆ ಒಂದು ಸಾಲು ಬರೀರಿ ಮೇಡಂ, ತಾರೀಕು ಹಾಕಿ.

ಸಂಪಿಗೆ

ಬೀದಿಯಲ್ಲಿ ಜನರನ್ನ ತೆಗೆಯೋದರ ಬಗ್ಗೆ ಏನಂತೀರಿ? ನಾನು ಒಂದು ಸಲ ಹೂ ಕಟ್ಟೋ ಅಜ್ಜಿಯನ್ನ ದೂರದಿಂದ ತೆಗೆದೆ. ಅವರು ನೋಡಿಬಿಟ್ಟರು, ಸೆರಗು ಎಳ್ಕೊಂಡರು. ಏನೂ ಹೇಳಲಿಲ್ಲ. ಆವತ್ತು ರಾತ್ರಿ ಅಳಿಸಿದೆ, ಆದರೂ ಕಸಿವಿಸಿ.

ತುಂಗಾತೀರ

ಕೇಳಿ ತೆಗೆದರೆ ಸಹಜವಾಗಿ ಬರಲ್ಲ, ಎಲ್ಲರೂ ಕಲ್ಲಿನ ಹಾಗೆ ನಿಂತುಬಿಡ್ತಾರೆ. ನಾನಂತೂ ಕೇಳೋದಿಲ್ಲ, ಆದರೆ ಯಾರಿಗೂ ಕಳಿಸೋದೂ ಇಲ್ಲ.

ಕ್ಯಾಮೆರಾಚೀಲ

ಯಾರಿಗೂ ಕಳಿಸದಿದ್ದರೂ ಅವರ ಮುಖ ನಿಮ್ಮ ಫೋನಿನಲ್ಲಿದೆ, ಅದು ಅವರಿಗೆ ಗೊತ್ತಿಲ್ಲ. ಅದು ಸರಿಯಲ್ಲ. ನಾನು ಮೊದಲು ಹೂ ಕೊಳ್ತೀನಿ, ಎರಡು ಮಾತು ಆಡ್ತೀನಿ, ಆಮೇಲೆ ಕೇಳ್ತೀನಿ. ಮೊದಲ ಫೋಟೊ ಕಲ್ಲಿನ ಹಾಗೇ ಬರುತ್ತೆ, ಒಪ್ತೀನಿ. ತೋರಿಸಿ, ನಕ್ಕು, ಅಲ್ಲೇ ಪಕ್ಕಕ್ಕೆ ಕೂತರೆ ಐದು ನಿಮಿಷಕ್ಕೆ ಅವರು ಮತ್ತೆ ಹೂ ಕಟ್ಟೋಕೆ ಇಳೀತಾರೆ. ಮೊಳ ಅಳೆಯುವಾಗ ಮೊಣಕೈಯಿಂದ ಬೆರಳ ತುದಿಗೆ ಎಳೆದು, ಕಡೇಲಿ ಒಂದು ಗೇಣು ಸೇರಿಸಿ ಕೊಡ್ತಾರಲ್ಲ, ಆ ಕೈ ಆಗ ಸಿಗುತ್ತೆ. ಬೇಡ ಅಂದರೆ ಬೇಡ, ಬುಟ್ಟಿ ತೆಗೀಲಾ ಅಂತ ಕೇಳಿ. ಪ್ರಿಂಟ್ ಹಾಕಿಸಿ ವಾಪಸ್ ಕೊಡೋದು ಮರೀಬೇಡಿ. ನಾನು ಕೊಟ್ಟದ್ದನ್ನ ಒಬ್ಬರು ಹೂವಿನ ಬುಟ್ಟಿಯ ಪ್ಲಾಸ್ಟಿಕ್ ಹಾಳೆ ಒಳಗೆ ಒದ್ದೆಯಾಗದ ಹಾಗೆ ಇಟ್ಕೊಂಡಿದಾರೆ.

ತುಂಗಾತೀರ

ಪ್ರಿಂಟ್ ಕೊಡೋದು ನನಗೆ ಹೊಳೆದೇ ಇರಲಿಲ್ಲ. ನಮ್ಮೂರ ಸಂತೆಯವರ ನಾಲ್ಕು ಫೋಟೊ ನನ್ನ ಹತ್ತಿರ ಇವೆ. ಸೋಮವಾರ ಹಾಕಿಸ್ತೀನಿ.

ಹಾರ್ಡ್‌ಡಿಸ್ಕ್

ಪ್ರಿಂಟ್ ಅಂದಾಗ ನೆನಪಾಯ್ತು. ತಿಂಗಳಿಗೊಮ್ಮೆ ಮೂವತ್ತನ್ನೂ ನಾಲ್ಕು-ಆರು ಇಂಚಿನ ಸೈಜಲ್ಲಿ ಹಾಕಿಸಿ. ಮನೆ ಪ್ರಿಂಟರಿನ ಸಾದಾ ಹಾಳೆ ಬೇಡ, ಬಣ್ಣ ಬೇಗ ಮಾಸುತ್ತೆ. ಸ್ಟುಡಿಯೋದಲ್ಲಿ ಫೋಟೊ ಪೇಪರ್ ಮೇಲೆ. ಹಿಂದೆ ಪೆನ್ಸಿಲಲ್ಲಿ ತಾರೀಕು ಬರೀರಿ, ಇಂಕು ಇನ್ನೊಂದು ಫೋಟೊಗೆ ಅಂಟುತ್ತೆ.

ಗಿರ್ಮಿಟ್ (ಧಾರವಾಡ)

ಹಳೇ ಫೋನ್ ಚಾಲೂ ಆತ್ರಿ. ಚಾರ್ಜ್ ಹತ್ತಲಿಕ್ಕೇ ಒಂದು ತಾಸು ತಗೊಂತು, ಜೀವಾ ಕೈಯಾಗ ಹಿಡಕೊಂಡು ಕುಂತಿದ್ದೆ. ತಕ್ಕಡಿ ಫೋಟೋ ಕೆಳಗ ಹಾಕೇನಿ. ಹಾರ್ಡ್‌ಡಿಸ್ಕ್ ಅವರ, ನೀವು ಹೇಳದಿದ್ರ ನಾ ಇದನ್ನ ಮುಟ್ತಿದ್ದಿಲ್ಲ. ಮೂರು ಕಡೆ ಕಾಪಿ ಮಾಡೇನಿ.

ಸಂಪಿಗೆ

ಗುರುತು ಕಾಣ್ತಿದೆ. ಬಲಗೈ ಹೆಬ್ಬೆರಳು ಅಲ್ವಾ?

ಗಿರ್ಮಿಟ್ (ಧಾರವಾಡ)

ಎಡಗೈರಿ. ಅಪ್ಪಾರು ಎಡಚರು.

ಕಿಟಕಿಪಕ್ಕ (ಮೈಸೂರು)

ಎಲ್ಲರದ್ದೂ ಓದಿದೆ, ಎರಡು ಸಲ. 1ರಿಂದ ಶುರು ಮಾಡಲ್ಲ. 47, 48ಕ್ಕೆ ಫೋಟೊ ಇಲ್ಲ, ಮೇಷ್ಟ್ರು ಹೇಳಿದ ಹಾಗೆ ಒಂದೊಂದು ಸಾಲು ಬರೆದೆ. "ಜ್ವರ. ಅಮ್ಮ ಮೆಣಸಿನ ಸಾರು ಮಾಡಿದಳು." "ಜ್ವರ ಇಳೀತು. ಅದೇ ಸಾರು." ಕ್ಯಾಮೆರಾಚೀಲ ಸರ್, ನೀವು ಒಪ್ಪದಿದ್ದರೂ ಇರಲಿ.

ಅಮ್ಮನಿಗೆ ಈಳಿಗೆಮಣೆ, ಮೆಟ್ಟುಕತ್ತಿ ಚರ್ಚೆ ಓದಿ ಹೇಳಿದೆ. ನಕ್ಕಳು. ಇವತ್ತು ಅವಳು ಬೀನ್ಸ್ ಹೆಚ್ಚುವಾಗ ನಾನು ಎದುರಿಗೆ ಕೂರೋ ಬದಲು ಆ ಕಡೆಗೆ ಹೋಗಿ ನೆಲಕ್ಕೆ ಕೂತು ತೆಗೆದೆ. 49.

ಕ್ಯಾಮೆರಾಚೀಲ

ಒಪ್ಪಿದೆ ಮೇಡಂ. ಸಾರಿನ ಸಾಲು ಫೋಟೊಗೆ ಕಡಿಮೆ ಇಲ್ಲ.

ಕಡಲ್ತಡಿ (ಉಡುಪಿ)

ಅಮ್ಮನ ಪಾದ ಮಣೆಯ ಮೇಲೆ ಹೇಗೆ ಕೂತಿದೆ ನೋಡಿ! ಅದು ಮೆಟ್ಟುಕತ್ತಿಯೇ. ಮೇಡಂ, ಮಣೆಯ ಹಿಂದೆ ಬಿಳಿ ಬಟ್ಟೆ ಸುತ್ತಿದೆಯಲ್ಲ, ಅದು ಎಂತದ್ದು? ಮೊದಲಿನ ಫೋಟೊದಲ್ಲಿ ಇರಲಿಲ್ಲ.

ಕಿಟಕಿಪಕ್ಕ (ಮೈಸೂರು)

ನಾನೂ ಈಗಲೇ ನೋಡ್ತಿರೋದು. ಅಮ್ಮನ್ನ ಕೇಳಿ ಬರ್ತೀನಿ, ತಡೀರಿ.

ಕಿಟಕಿಪಕ್ಕ (ಮೈಸೂರು)

ಕೇಳಿದೆ. ಮಣೆ ಹಿಂದೆ ಸೀಳು ಬಿಟ್ಟಿತ್ತಂತೆ, ನಾನು ಕಾಲೇಜಲ್ಲಿದ್ದಾಗ. ಹೊಸದು ತರ್ತೀನಿ ಅಂದರೂ ಅಮ್ಮ ಬೇಡ ಅಂದಳಂತೆ. ಅಪ್ಪ ತಮ್ಮ ಹಳೇ ಪಂಚೆ ಅಂಚು ಹರಿದು ಒದ್ದೆ ಮಾಡಿ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದು. ಒಣಗಿದ ಮೇಲೆ ಇನ್ನೂ ಬಿಗಿ ಆಗುತ್ತೆ ಅಂತ. ಆ ಗಂಟು ಇವತ್ತಿನವರೆಗೂ ಬಿಚ್ಚಿಲ್ಲ ಅಂದಳು. ಬಿಳಿ ಬಟ್ಟೆಯ ಮೇಲೆ ಸಣ್ಣಗೆ ಕೆಂಪು ಅಂಚು ಇದೆ, ದೊಡ್ಡದು ಮಾಡಿದರೆ ಕಾಣುತ್ತೆ.